ಅಕ್ಕ ಕೊಟ್ಟ ಸೀರೆ ಉಡಲೂ ಆಗದು, ಬೇಡ ಅನ್ನಲೂ ಆಗದು

ಪ್ರಶ್ನೆ: ನಾವು ತುಮಕೂರಿನಲ್ಲಿದ್ದೇವೆ. ನನ್ನ ಗಂಡನ ಅಕ್ಕ ತಿಪಟೂರಿನಲ್ಲಿದ್ದಾರೆ. ನಾನೂ ಅವರನ್ನು ಅಕ್ಕಾ ಅಂತಲೇ ಕರೆಯುವುದು. ಮೂರು ವರ್ಷದಿಂದ ಪ್ರತಿ ದೀಪಾವಳಿಗೂ ನನಗೆ ಒಂದು ಸೀರೆ ತರುತ್ತಾರೆ. ಮೂರೂ ಕಲ್ಲು, ಮಣಿ ಕೆಲಸದ ಭಾರದ ಸೀರೆಗಳು. ನಾನು ಶಾಲೆಯಲ್ಲಿ ಟೀಚರ್, ಉಡುವುದು ಕಾಟನ್ ಮಾತ್ರ. ಒಂದನ್ನೂ ಉಟ್ಟಿಲ್ಲ. ಹೋದ ದೀಪಾವಳಿ ಆದ ಮೇಲೆ ಒಂದು ಸೀರೆಯನ್ನು ಮನೆಕೆಲಸಕ್ಕೆ ಬರುವವರಿಗೆ ಕೊಟ್ಟೆ. ಅವರು ಸಂಕ್ರಾಂತಿ ದಿನ ಅದನ್ನೇ ಉಟ್ಟುಕೊಂಡು ಎಳ್ಳು ತೆಗೆದುಕೊಳ್ಳಲು ಬಂದರು. ಅವತ್ತು ಅಕ್ಕ ನಮ್ಮ ಮನೆಯಲ್ಲೇ ಇದ್ದರು. ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಫೋನ್ ಮಾಡುವುದು ಕಡಿಮೆಯಾಯಿತು. ಗೌರಿ ಹಬ್ಬಕ್ಕೆ ನನ್ನ ಗಂಡ ಬಾಗಿನ ತೆಗೆದುಕೊಂಡು ಹೋದಾಗ ‘ಇಷ್ಟೆಲ್ಲಾ ಯಾಕೆ ತರೋಕೆ ಹೋದೆ’ ಅಂದರಂತೆ. ಮಾವ ತೀರಿಕೊಂಡು ನಾಲ್ಕು ವರ್ಷವಾಯಿತು. ಅತ್ತೆ ನಮ್ಮ ಜೊತೆಗಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ಹಬ್ಬಕ್ಕೆ ಹತ್ತು ಹನ್ನೆರಡು ಸ್ವೀಟ್ ಬಾಕ್ಸ್ ಬರುತ್ತವೆ, ಅರ್ಧ ಹಾಳಾಗುತ್ತವೆ. ನನ್ನ ಗಂಡ ಸರ್ಕಾರಿ ಇಂಜಿನಿಯರ್. ಹೋದ ವರ್ಷ ಗುತ್ತಿಗೆದಾರರೊಬ್ಬರು ಕಳಿಸಿದ ಡ್ರೈಫ್ರೂಟ್ಸ್ ಡಬ್ಬಿಯೊಳಗೆ ಬೆಳ್ಳಿ ನಾಣ್ಯವೂ ಇತ್ತು. ದೀಪಾವಳಿಗೆ ಇನ್ನೊಂದು ತಿಂಗಳಿದೆ. ಯಾರ ಮನಸ್ಸೂ ನೋಯದ ಹಾಗೆ ಈ ಬೇಡದ ಉಡುಗೊರೆಗಳನ್ನು ನಿಭಾಯಿಸುವುದು ಹೇಗೆ?

ಉತ್ತರ: ಸೀರೆ, ಸ್ವೀಟು, ಬೆಳ್ಳಿ ನಾಣ್ಯ ಮೂರನ್ನೂ ಒಟ್ಟಿಗೆ ಕೇಳಿದ್ದೀರಿ. ಮೂರಕ್ಕೂ ಒಂದೇ ಉತ್ತರ ಇಲ್ಲ. ಮೊದಲು ಸೀರೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ?

ನೀವು ಬೇರೆ ಬೇರೆ ಕಡೆ ಬರೆದ ಎರಡು ಮಾತುಗಳನ್ನು ನಾನು ಹತ್ತಿರ ಇಟ್ಟು ನೋಡಿದೆ. ಮಾವ ತೀರಿಕೊಂಡು ನಾಲ್ಕು ವರ್ಷ. ಸೀರೆ ಬರಲು ಶುರುವಾಗಿ ಮೂರು ವರ್ಷ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಅಂದರೆ ನಿಮ್ಮ ಮನೆಯಲ್ಲಿ ಮತ್ತೆ ದೀಪ ಹಚ್ಚಿದ ಮೊದಲ ದೀಪಾವಳಿಗೇ ಅಕ್ಕ ಸೀರೆ ಹಿಡಿದುಕೊಂಡು ಬಂದಿದ್ದಾರೆ. ಮಾವ ಇದ್ದಾಗ ತಂದಿರಲಿಲ್ಲ. ಯಾಕೆ ಅಂತ ಯೋಚಿಸಿ ನೋಡಿ.

ನಮ್ಮ ಕಡೆ ಕೊಡುವುದು ಸಾಮಾನ್ಯವಾಗಿ ಹರಿಯುವುದು ತವರಿನಿಂದ ಮಗಳ ಕಡೆಗೆ. ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಕರೆದು ಊಟ, ಹೊರಡುವಾಗ ಮಡಿಲಕ್ಕಿ. ಮನೆ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುತ್ತಾರೆ. ಮಗಳು ತವರಿಗೆ ಹಣ್ಣು, ತಿಂಡಿ ತರುತ್ತಾಳೆ. ತಮ್ಮನ ಹೆಂಡತಿಗೆ ವರ್ಷ ವರ್ಷವೂ ಸೀರೆ ತಂದೇ ತರಬೇಕು ಅಂತ ಎಲ್ಲೂ ಇಲ್ಲ. ಅಕ್ಕ ಅದನ್ನು ಮಾಡುತ್ತಿದ್ದಾರೆ. ಅಪ್ಪ ಹೋದ ಮೇಲೆ ಆ ಮನೆಯ ಬಾಗಿಲು ತೆಗೆಯುವವರು ನೀವು. ಒಲೆ ನಿಮ್ಮದು, ಬೀಗದ ಕೈ ನಿಮ್ಮದು. ಅಮ್ಮ ಇದ್ದಾರೆ, ಆದರೆ ಅಮ್ಮನೂ ಈಗ ನಿಮ್ಮ ಆರೈಕೆಯಲ್ಲಿದ್ದಾರೆ. ‘ಇನ್ನು ಮುಂದೆಯೂ ಇದು ನನ್ನ ತವರಾಗಿ ಇರುತ್ತಾ?’ ಅನ್ನುವುದು ಅವರ ಪ್ರಶ್ನೆ. ಅದನ್ನು ಬಾಯಿಬಿಟ್ಟು ಕೇಳುವ ಹೆಣ್ಣುಮಗಳನ್ನು ನಾನು ಈ ಕೆಲಸದಲ್ಲಿ ನೋಡಿದ್ದು ಬಹಳ ಕಡಿಮೆ. ಬಾಯಲ್ಲಿ ಕೇಳಲಾಗದ್ದನ್ನು ಸೀರೆಯ ಕವರಿನಲ್ಲಿಟ್ಟು ಕೇಳುತ್ತಾರೆ.

ಭಾರದ ಸೀರೆ ಆರಿಸಿದ್ದೂ ಅದಕ್ಕೇ ಇರಬಹುದು. ನಿಮಗೆ ಏನು ಇಷ್ಟ ಅಂತ ಅವರಿಗೆ ಗೊತ್ತಿಲ್ಲ. ಹಗುರದ್ದು ಕೊಟ್ಟರೆ ಹಗುರ ಮಾಡಿದ ಹಾಗೆ ಆಗುತ್ತೇನೋ ಅಂತ ಕೈಗೆ ಮೀರಿದ್ದನ್ನೇ ತಂದಿದ್ದಾರೆ.

ಈಗ ಸಂಕ್ರಾಂತಿಯ ದಿನ ಅವರ ಕಣ್ಣಿಗೆ ಬಿದ್ದದ್ದು ಏನು? ಮನೆಕೆಲಸದವರು ಉಟ್ಟರಲ್ಲ ಅನ್ನುವುದಲ್ಲ ನೋವು. ಅವರು ಉಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಹೊಸ ಸೀರೆ ಕೊಟ್ಟಿದ್ದೀರಿ, ಹಬ್ಬದ ದಿನ ಉಟ್ಟು ತೋರಿಸಲು ಬಂದಿದ್ದಾರೆ. ಸಂತೋಷದ ಮಾತು. ದಯವಿಟ್ಟು ಅವರಿಗೆ ‘ಅದನ್ನು ಯಾಕೆ ಉಟ್ಟು ಬಂದೆ’ ಅನ್ನಬೇಡಿ, ಇನ್ನು ಮುಂದೆ ಅಕ್ಕ ಬಂದಾಗ ಉಡಬೇಡ ಅಂತಲೂ ಹೇಳಬೇಡಿ. ಅಕ್ಕನಿಗೆ ನೋವಾದದ್ದು ನಾನು ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಬಂತಲ್ಲ ಅಂತ. ಗೌರಿ ಹಬ್ಬದಲ್ಲಿ ‘ಇಷ್ಟೆಲ್ಲಾ ಯಾಕೆ’ ಅಂದದ್ದು ಅದೇ ನೋವಿನ ಮಾತು. ಬಾಗಿನ ಬೇಡ ಅನ್ನುವ ಹೆಣ್ಣುಮಗಳು ಯಾರೂ ಇಲ್ಲ. ಸುಮ್ನೆ ಲೆಕ್ಕಕ್ಕೆ ತಂದಿದ್ದಾರಾ, ಮನಸ್ಸಿನಿಂದ ತಂದಿದ್ದಾರಾ ಅಂತ ತಿಳಿಯದೆ ಹಾಗೆ ಅಂದಿದ್ದಾರೆ.

ಹಾಗಾಗಿ ದೀಪಾವಳಿಯ ತನಕ ಕಾಯಬೇಡಿ. ಹಬ್ಬದ ಮನೆಯಲ್ಲಿ ಜನ ಜಾಸ್ತಿ. ಎಣ್ಣೆ ಸ್ನಾನ, ಅಡುಗೆ, ಪಟಾಕಿ ಗಲಾಟೆ. ಅಲ್ಲಿ ಇಂಥ ಮಾತು ಆಡಿದರೆ ಅರ್ಧಕ್ಕೆ ನಿಂತುಹೋಗುತ್ತದೆ, ಅರ್ಧ ಆಡಿದ ಮಾತು ಆಡದ ಮಾತಿಗಿಂತ ಕೆಟ್ಟದ್ದು. ಬರುವ ಭಾನುವಾರ ತಿಪಟೂರಿಗೆ ಹೋಗಿ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಸಂಜೆಗೆ ವಾಪಸ್ ಬರುವಷ್ಟೇ ದೂರ. ಅತ್ತೆಯನ್ನೂ ಕರೆದುಕೊಂಡು ಹೋದರೆ ಒಳ್ಳೆಯದು. ಆದರೆ ಮಾತಾಡುವಾಗ ನೀವಿಬ್ಬರೇ ಇರಿ, ಅಡುಗೆಮನೆಯಲ್ಲೋ ಹಿತ್ತಲಿನಲ್ಲೋ. ಗಂಡನ ಕೈಲಿ ಹೇಳಿಸಬೇಡಿ. ಅಕ್ಕ ತಮ್ಮನ ನಡುವೆ ಆ ಮಾತು ಹೋದರೆ ‘ನಿನ್ನ ಹೆಂಡತಿ’ ಅನ್ನುವ ಪದ ಬಂದೇ ಬರುತ್ತದೆ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ.

ಏನು ಹೇಳಬೇಕು ಅಂತ ಕೇಳಿದರೆ, ಇಷ್ಟು ಸಾಕು: ‘ಅಕ್ಕಾ, ಸಂಕ್ರಾಂತಿ ದಿನ ನೀವು ಕೊಟ್ಟ ಸೀರೆ ನೋಡಿದಿರಿ. ನಿಮಗೆ ಬೇಜಾರಾಯ್ತು ಅಂತ ನನಗೆ ಗೊತ್ತಾಯ್ತು. ನಾನು ನಿಮ್ಮನ್ನು ಕೇಳದೆ ಕೊಡಬಾರದಿತ್ತು. ತಪ್ಪಾಯ್ತು.’

ಇಲ್ಲಿಗೆ ನಿಲ್ಲಿಸಿ. ‘ಆದರೆ ನಾನು ಕಾಟನ್ ಮಾತ್ರ ಉಡೋದು’ ಅಂತ ಮುಂದುವರಿಸಬೇಡಿ. ತಪ್ಪಾಯ್ತು ಅಂದ ಮೇಲೆ ‘ಆದರೆ’ ಬಂದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಸುಳ್ಳೂ ಬೇಡ. ‘ಅದರಲ್ಲಿ ತೂತಿತ್ತು’, ‘ಅವರೇ ಕೇಳಿದರು’, ‘ಅತ್ತೆ ಕೊಡು ಅಂದರು’ ಅಂತೆಲ್ಲ ನನ್ನ ಹತ್ತಿರ ಬರುವವರು ಹೇಳಿ ನೋಡಿದ್ದಾರೆ. ಒಂದು ಸೀರೆಯ ಮಾತು ಮೂರು ಜನರ ಜಗಳವಾಗಿದೆ. ನೀವು ನಿಲ್ಲಿಸಿದ ಮೇಲೆ ಅವರು ‘ಅಯ್ಯೋ, ಅದಕ್ಕೇನಂತೆ ಬಿಡು’ ಅನ್ನಬಹುದು. ಸ್ವಲ್ಪ ಅಳಬಹುದು. ಎರಡು ಮಾತು ಗಟ್ಟಿಯಾಗಿಯೇ ಅನ್ನಬಹುದು. ಅನ್ನಲಿ. ಒಂಬತ್ತು ತಿಂಗಳು ಒಳಗಿಟ್ಟುಕೊಂಡಿದ್ದಾರೆ.

ಅದಾದ ಮೇಲೆ ಅವರೇ ಕೇಳುತ್ತಾರೆ, ‘ಇಷ್ಟ ಆಗದಿದ್ರೆ ಮೊದಲೇ ಹೇಳಬಾರದಿತ್ತಾ?’ ಅಂತ. ಆಗ ಹೇಳಿ. ‘ಶಾಲೆಗೆ ಹೋಗಿ ಬಂದು ಮಾಡೋದರಲ್ಲಿ ಭಾರದ್ದು ಉಡೋಕೆ ಆಗೋದಿಲ್ಲ ಅಕ್ಕಾ. ಈ ಸಲ ಇಬ್ಬರೂ ಜೊತೆಗೆ ಹೋಗಿ ತರೋಣ್ವಾ?’ ಅವರು ಕೇಳದೇ ಇದ್ದರೆ ಆ ದಿನ ಈ ಮಾತು ಎತ್ತಬೇಡಿ. ಎರಡು ಮೂರು ದಿನ ಬಿಟ್ಟು ಫೋನಿನಲ್ಲಿ ಹೇಳಿ. ಹಬ್ಬದ ಸೀರೆಯನ್ನು ಜನ ದಸರಾ ಹೊತ್ತಿಗೇ ತಂದಿಡುತ್ತಾರೆ. ಅವರು ಅಂಗಡಿಗೆ ಹೋಗುವ ಮೊದಲು ನಿಮ್ಮ ಮಾತು ಅವರನ್ನು ತಲುಪಬೇಕು. ನನ್ನ ಅನುಭವದಲ್ಲಿ ಬೇಡದ ಉಡುಗೊರೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕೈಗೆ ಬಂದ ಮೇಲೆ ಆಡುವ ಮಾತು ದೂರಿನ ಹಾಗೆ ಕೇಳುತ್ತದೆ, ತರುವ ಮೊದಲು ಆಡಿದರೆ ಸಲಿಗೆಯ ಹಾಗೆ ಕೇಳುತ್ತದೆ. ಮಾತು ಎರಡೂ ಸಲ ಅದೇ.

‘ಇನ್ನು ಮುಂದೆ ಏನೂ ತರಬೇಡಿ’ ಅಂತ ಮಾತ್ರ ಹೇಳಬೇಡಿ. ಎಷ್ಟೋ ಮನೆಗಳಲ್ಲಿ ಅದು ಸರಿಯಾದ ಮಾತು. ಮದುವೆ ಕರೆಯೋಲೆಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚು ಹಾಕಿಸುತ್ತಾರಲ್ಲ, ನನಗೆ ಅದು ತುಂಬಾ ಇಷ್ಟ. ಆದರೆ ನಿಮ್ಮ ಅಕ್ಕನಿಗೆ ಆ ಮಾತು ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಅವರಿಂದ ಏನಾದರೂ ಕೇಳಿ ತೆಗೆದುಕೊಳ್ಳಿ. ಅವರ ಕೈಯ ತಿಂಡಿ ಯಾವುದು ಚೆನ್ನಾಗಿರುತ್ತದೆ ಅಂತ ಅತ್ತೆಗೆ ಗೊತ್ತಿರುತ್ತದೆ. ‘ನೀವು ಮಾಡಿದ ಚಕ್ಕುಲಿ ಒಂದು ಡಬ್ಬಿ ಬೇಕು’ ಅನ್ನಿ. ಇಲ್ಲವೇ ಅವರು ಉಟ್ಟು ಹಳೆಯದಾದ ಕಾಟನ್ ಸೀರೆ ಎರಡು ಕೇಳಿ. ಉತ್ತರ ಕರ್ನಾಟಕದ ಕಡೆ ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುತ್ತಾರೆ. ಅದಕ್ಕೆ ಹೊಸ ಬಟ್ಟೆ ಆಗುವುದಿಲ್ಲ. ಉಟ್ಟು, ಒಗೆದು, ಮೆತ್ತಗಾದ ಹತ್ತಿ ಸೀರೆಯೇ ಬೇಕು. ಅತ್ತೆಯ ಒಂದು ಸೀರೆ, ಅಕ್ಕನ ಒಂದು, ನಿಮ್ಮ ಒಂದು ಸೇರಿಸಿ ಒಂದು ಕೌದಿ ಹೊಲಿಸಿದರೆ ಆ ಮನೆಯಲ್ಲಿ ಅಕ್ಕನಿಗೆ ಜಾಗ ಇದೆ ಅಂತ ಬೇರೆ ಹೇಳಬೇಕಾಗಿಲ್ಲ. ಅವರು ಬಂದಾಗ ಅದನ್ನೇ ಹೊದೆಯಲು ಕೊಡಿ.

ಬೀರುವಿನಲ್ಲಿ ಉಳಿದಿರುವ ಎರಡು ಸೀರೆಗಳನ್ನು ಹೊರಗೆ ತೆಗೆದು ಮಂಚದ ಮೇಲೆ ಬಿಡಿಸಿ ನೋಡಿ. ಅಂಗಡಿಯ ಕವರಿನ ಪಿನ್ ಕೂಡ ತೆಗೆದಿಲ್ಲ ಅಂತ ನನಗೆ ಅನುಮಾನ. ಬೇಡ ಅಂತ ತೀರ್ಮಾನ ಮಾಡಿದ ಬಟ್ಟೆಯನ್ನು ನಾವು ಸರಿಯಾಗಿ ನೋಡಿಯೇ ಇರುವುದಿಲ್ಲ. ಎರಡರಲ್ಲಿ ಕಡಿಮೆ ಭಾರದ್ದು ಯಾವುದೋ ಅದಕ್ಕೆ ಫಾಲ್ ಹಾಕಿಸಿ, ಬ್ಲೌಸ್ ಹೊಲಿಸಿ. ಬಲಿಪಾಡ್ಯಮಿ ದಿನ ಅಕ್ಕ ಬಂದಾಗ ಪೂಜೆ, ಆರತಿಯ ಹೊತ್ತಿಗೆ ಅದನ್ನು ಉಡಿ. ಒಂದೆರಡು ಗಂಟೆ. ಊಟಕ್ಕೆ ಬಡಿಸುವಾಗ ಬದಲಾಯಿಸಿಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೊರಡುವ ಮೊದಲು ಅಕ್ಕನ ಜೊತೆ ಒಂದು ಫೋಟೋ ತೆಗೆಸಿಕೊಳ್ಳಿ. ಇನ್ನೊಂದನ್ನು ಉಡುವುದೇ ಇಲ್ಲ ಅನ್ನುವುದಾದರೆ ಮನೆಯ ಹೆಣ್ಣುಮಕ್ಕಳಿಗೆ ಲಂಗ ಹೊಲಿಸಬಹುದು. ಅಕ್ಕನ ಮಗಳಿಗೇ ಆದರೂ ಸರಿ. ಆದರೆ ಕತ್ತರಿ ಹಾಕುವ ಮೊದಲು ಅಕ್ಕನಿಗೆ ಹೇಳಿ. ‘ಹೀಗೆ ಮಾಡಿಸಲಾ?’ ಅಂತ ಕೇಳಿದರೆ ಸಾಕು. ನೀವು ಸಂಕ್ರಾಂತಿಗೆ ಮೊದಲು ಬಿಟ್ಟದ್ದು ಈ ಒಂದು ಪ್ರಶ್ನೆಯನ್ನೇ.

ಅಂಗಡಿಯಲ್ಲಿ ಬದಲಾಯಿಸಿಕೊಳ್ಳುವ ಯೋಚನೆ ಇದ್ದರೆ ಅದು ಹೊಸದಾಗಿ ಬಂದ ಸೀರೆಗೆ ಮಾತ್ರ. ಸಾಮಾನ್ಯವಾಗಿ ಬಿಲ್ ಬೇಕು, ಚೀಟಿ ಕಿತ್ತಿರಬಾರದು, ಫಾಲ್ ಹೊಲಿಸಿರಬಾರದು, ಕುಚ್ಚು ಕಟ್ಟಿಸಿರಬಾರದು. ಕೆಲವು ಅಂಗಡಿಯವರು ಹಬ್ಬದ ರಿಯಾಯಿತಿಯಲ್ಲಿ ಕೊಂಡದ್ದನ್ನು ಬದಲಾಯಿಸುವುದಿಲ್ಲ. ಬಿಲ್ಲು ಕೇಳಿದರೆ ಬೆಲೆ ಕೇಳಿದ ಹಾಗೆ ಆಗುತ್ತದೆ ಅಂತ ಮುಜುಗರ ಆಗುವುದು ಸಹಜ. ‘ಬಣ್ಣ ಬದಲಾಯಿಸಿಕೊಳ್ಳಲಾ ಅಕ್ಕಾ, ನೀವೂ ಬನ್ನಿ’ ಅಂತ ಕರೆದರೆ ಬಿಲ್ಲು ತಾನಾಗಿ ಬರುತ್ತದೆ.

ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ಕೊಡುವುದೇ ತಪ್ಪಾ ಅಂತ ನೀವು ಕೇಳಿಲ್ಲ, ಆದರೆ ಪತ್ರದ ಉದ್ದಕ್ಕೂ ಆ ಅಳುಕು ಇದೆ. ತಪ್ಪಲ್ಲ. ನಮ್ಮಲ್ಲಿ ಕೆಲವು ವಸ್ತುಗಳು ಕೈಯಿಂದ ಕೈಗೆ ಹೋಗಲೆಂದೇ ಇವೆ. ರವಿಕೆ ಕಣವನ್ನೇ ನೋಡಿ. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಒಂದು ಕೊಡುತ್ತಾರೆ. ನಾಳೆ ನಮ್ಮ ಮನೆಗೆ ಬಂದವರಿಗೆ ನಾವು ಅದನ್ನೇ ಕೊಡುತ್ತೇವೆ. ಮಡಿಕೆಯ ಅಂಚಿನಲ್ಲಿ ಯಾವುದೋ ಮನೆಯ ಕುಂಕುಮ ಅಂಟಿರುತ್ತದೆ. ಅದು ಹತ್ತು ಮನೆ ಸುತ್ತಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲಿ ಕೊಡುವುದು ಬಟ್ಟೆಯನ್ನಲ್ಲ, ಮುತ್ತೈದೆಯನ್ನು ಕರೆದು ಕೂರಿಸಿದ ಗೌರವವನ್ನು.

ಸೀರೆ ಹಾಗಲ್ಲ. ಉಡುಗೊರೆ ಅನ್ನುವ ಪದದಲ್ಲೇ ಉಡುವುದು ಇದೆ. ನಿಮ್ಮ ಮೈಬಣ್ಣ, ನಿಮ್ಮ ಎತ್ತರ ಕಣ್ಣ ಮುಂದೆ ತಂದುಕೊಂಡು ಕೌಂಟರಿನಲ್ಲಿ ಹತ್ತು ಸೀರೆ ಬಿಡಿಸಿ ಒಂದನ್ನು ಆರಿಸಿರುತ್ತಾರೆ. ಅದು ನಿಮ್ಮ ಹೆಸರಿಗೆ ಬಂದದ್ದು. ಅದನ್ನು ದಾಟಿಸಬೇಕಾದರೆ ಕೊಟ್ಟವರಿಗೆ ಹೇಳಬೇಕು, ಇಲ್ಲವೇ ಅವರ ಕಣ್ಣಿಗೆ ಎಂದೂ ಬೀಳದಷ್ಟು ದೂರ ಕಳಿಸಬೇಕು. ಅದೇ ಮನೆಗೆ ದಿನಾ ಬರುವವರಿಗೆ ಕೊಟ್ಟರೆ ಒಂದಲ್ಲ ಒಂದು ದಿನ ಕಾಣುತ್ತದೆ.

ಇದು ನನಗೇ ಆದ ಪಾಠ. ಮೊದಲೆಲ್ಲ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅಲ್ಲೇ ಹೆಸರು ಹಾಕಿಸುತ್ತಿದ್ದರು. ಪುಟ್ಟ ಮೆಷಿನ್ನು ಗುಂಯ್ ಅಂತ ಸದ್ದು ಮಾಡುತ್ತಾ ಚುಕ್ಕಿ ಚುಕ್ಕಿ ಅಕ್ಷರ ಕೊರೆಯುತ್ತಿತ್ತು. ಯಾರ ಮದುವೆಗೆ, ಯಾರಿಂದ, ಯಾವ ತಾರೀಖು. ನನ್ನ ಮದುವೆಗೆ ಒಂದೇ ಥರದ ಐದಾರು ಡಬ್ಬಿ ಸೆಟ್ ಬಂದಿದ್ದವು. ಎಷ್ಟೋ ವರ್ಷ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಎದುರು ಮನೆಯವರ ಗೃಹಪ್ರವೇಶಕ್ಕೆ ಅದರಲ್ಲಿ ಒಂದು ಸೆಟ್ ತೆಗೆದು, ಹೊರಗೆಲ್ಲ ತಿರುಗಿಸಿ ನೋಡಿ, ಹೊಸ ಕಾಗದ ಸುತ್ತಿ ಕೊಟ್ಟೆ. ಹೆಸರು ಮುಚ್ಚಳದ ಒಳಗಡೆ ಇತ್ತು. ನನ್ನ ಹೆಸರು, ನನ್ನ ಮದುವೆಯ ತಾರೀಖು, ಕೆಳಗೆ ನಮ್ಮ ಸೋದರತ್ತೆಯ ಹೆಸರು.

ವಾರದ ಮೇಲೆ ಆ ಮನೆಯವರು ಮುಚ್ಚಳ ಹಿಡಿದುಕೊಂಡು ಬಂದರು. ‘ಇದು ನಿಮ್ಮ ಅತ್ತೆ ಕೊಟ್ಟಿದ್ದಲ್ವಾ? ಅವಸರದಲ್ಲಿ ಪೆಟ್ಟಿಗೆ ಬದಲಾಗಿರಬೇಕು. ಇಟ್ಟುಕೊಳ್ಳಿ, ನೆನಪಿಗೆ ಬೇಕಾಗುತ್ತೆ’ ಅಂದರು. ನಾನು ನಿಜ ಹೇಳಿದೆ. ಬದಲಾಗಿದ್ದಲ್ಲ, ನೋಡದೆ ಕೊಟ್ಟೆ, ತಪ್ಪಾಯ್ತು ಅಂತ. ಅವರು ಕೂತು ಕಾಫಿ ಕುಡಿದರು. ಡಬ್ಬಿಯನ್ನು ವಾಪಸ್ ಕೊಟ್ಟರು, ಅದರ ತುಂಬಾ ಹುರಿಗಾಳು ತುಂಬಿಸಿ. ಸೂಕ್ಷ್ಮವಾಗಿ ನಡೆದುಕೊಳ್ಳುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಆ ಹುರಿಗಾಳಿನ ಡಬ್ಬಿಯೇ ನೆನಪಾಗುತ್ತದೆ. ಸೋದರತ್ತೆ ಈಗಿಲ್ಲ. ಡಬ್ಬಿ ನನ್ನ ಅಡುಗೆಮನೆಯಲ್ಲಿದೆ.

ನಮ್ಮ ಹಿರಿಯರು ಮದುವೆಯಲ್ಲಿ ಬಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ಮುಯ್ಯಿ ಅನ್ನುತ್ತಾರೆ. ಅವರ ಮನೆಯ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೇ, ಇಲ್ಲವೇ ಸ್ವಲ್ಪ ಮೇಲೆ ಕೊಡುತ್ತಿದ್ದರು. ಕನ್ನಡದಲ್ಲಿ ಮುಯ್ಯಿ ತೀರಿಸುವುದು ಅಂದರೆ ಸೇಡು ತೀರಿಸುವುದೂ ಹೌದು. ಒಂದೇ ಪದಕ್ಕೆ ಎರಡು ಅರ್ಥ ಇರುವುದು ಸುಮ್ಮನೆ ಅಲ್ಲ. ಕೊಟ್ಟದ್ದಕ್ಕೆ ಬೆಲೆ ಸಿಗಲಿಲ್ಲ ಅನಿಸಿದಾಗ ಮನಸ್ಸು ಬೇರೆ ಥರದ ಲೆಕ್ಕಕ್ಕೆ ಕೂರುತ್ತದೆ. ನಿಮ್ಮ ಮನೆಯಲ್ಲಿ ಇನ್ನೂ ಅಲ್ಲಿಗೆ ಹೋಗಿಲ್ಲ. ಫೋನ್ ಕಡಿಮೆಯಾಗಿದೆ, ನಿಂತಿಲ್ಲ. ಅದಕ್ಕೇ ಬೇಗ ಹೋಗಿ ಅನ್ನುತ್ತಿದ್ದೇನೆ.

ಮನೆಕೆಲಸಕ್ಕೆ ಬರುವವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮಗೆ ಬೇಡದ್ದೆಲ್ಲ ಅವರಿಗೆ ಬೇಕಾಗಿರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಮೂರು ದಿನ ಹಳೆಯ ಸ್ವೀಟು, ಯಾರೂ ಉಡದ ಸೀರೆ, ಹ್ಯಾಂಡಲ್ ಹೋದ ಬಾಣಲೆ. ಅವರ ಮನೆಯೂ ಚಿಕ್ಕದು, ಅವರಿಗೂ ಇಷ್ಟ ಅನಿಷ್ಟ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸ ಕೊಟ್ಟವರ ಎದುರು ‘ಬೇಡ ಅಮ್ಮ’ ಅನ್ನುವುದು ನಿಮಗೆ ಅಕ್ಕನ ಎದುರು ಬೇಡ ಅನ್ನುವುದಕ್ಕಿಂತ ಕಷ್ಟ. ದೀಪಾವಳಿಗೆ ಮೊದಲು ಅವರ ಕೈಗೆ ಹಬ್ಬದ ಹಣ ಕೊಡಿ. ಒಂದು ತಿಂಗಳ ಸಂಬಳ ಕೊಡುವ ಮನೆಗಳು ಎಷ್ಟೋ ಇವೆ. ನಿಮ್ಮಿಂದ ಆದಷ್ಟು ಕೊಡಿ, ಆದರೆ ಹಬ್ಬಕ್ಕೆ ಅವರು ಖರ್ಚು ಮಾಡುವ ಮೊದಲೇ ಕೊಡಿ. ವಸ್ತು ಕೊಡುವುದಿದ್ದರೆ ಹಣದ ಜೊತೆಗೆ, ಹಣದ ಬದಲಿಗೆ ಅಲ್ಲ. ‘ಇದು ನಿಮಗೆ ಉಪಯೋಗ ಆಗುತ್ತಾ? ಇಲ್ಲ ಅಂದರೆ ಇಲ್ಲ ಅನ್ನಿ’ ಅಂತ ಕೇಳಿ ಕೊಡಿ.

ಸ್ವೀಟ್ ಬಾಕ್ಸಿನ ವಿಷಯ ಇಷ್ಟು ಕಷ್ಟದ್ದಲ್ಲ. ಅಲ್ಲಿ ನಿಮ್ಮ ಶತ್ರು ದಿನ ಮಾತ್ರ. 2020ರ ಅಕ್ಟೋಬರ್ 1ರಿಂದ ಅಂಗಡಿಗಳಲ್ಲಿ ಬಿಡಿಯಾಗಿ ಮಾರುವ ಸಿಹಿತಿಂಡಿಗೂ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೆದು ಇಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ಅವರು ಕೊಟ್ಟ ಅಂದಾಜು ಲೆಕ್ಕದಲ್ಲಿ ಕಲಾಕಂದ್ ಮಾಡಿದ ದಿನವೇ ತಿನ್ನಬೇಕು. ರಸಗುಲ್ಲದಂಥ ಹಾಲಿನ ಸಿಹಿ ಎರಡು ದಿನ, ಖೋವಾದ್ದು, ಮೋತಿಚೂರು ಲಾಡು ನಾಲ್ಕು ದಿನ, ಕಾಜು ಕತ್ಲಿ ಏಳು ದಿನ. ಆದರೆ ಆ ದಿನಾಂಕ ಅಂಗಡಿಯ ತಟ್ಟೆಯ ಮುಂದೆ ಇರುತ್ತದೆ, ನಿಮ್ಮ ಕೈಗೆ ಬರುವ ಬಾಕ್ಸಿನ ಮೇಲೆ ಎಷ್ಟೋ ಸಲ ಇರುವುದಿಲ್ಲ. ಅದೂ ನಿಮ್ಮ ಹತ್ತಿರ ಬರುವ ಮೊದಲು ಇನ್ನೆಷ್ಟು ಮನೆ ನೋಡಿದೆಯೋ. ಹಾಗಾಗಿ ಬಂದ ಬಾಕ್ಸನ್ನು ಕಾಗದ ಬಿಚ್ಚದೆ ಫ್ರಿಜ್ಜಿನ ಮೇಲೆ ಜೋಡಿಸಬೇಡಿ. ಬಂದ ದಿನವೇ ತೆರೆಯಿರಿ. ಹಾಲಿನದ್ದು ಯಾವುದು, ತುಪ್ಪದ್ದು ಯಾವುದು ಬೇರೆ ಮಾಡಿ. ಹಾಲಿನದ್ದು ಅವತ್ತೇ ಮನೆಗೆ ಬಂದ ಮಕ್ಕಳಿಗೆ, ವಾಚ್‌ಮನ್ ಮನೆಗೆ, ಪೌರಕಾರ್ಮಿಕರಿಗೆ ತಾಜಾ ಇರುವಾಗಲೇ ಹೋಗಲಿ. ಸೋನ್ ಪಾಪ್ಡಿಯಂಥ ಪ್ಯಾಕೆಟ್ಟುಗಳು ತಾರೀಖು ನೋಡಿಕೊಂಡು ನಿಧಾನವಾಗಿ ಖಾಲಿಯಾದರೂ ಪರವಾಗಿಲ್ಲ. ಆಶ್ರಮಗಳಿಗೆ ಕೊಡುವುದಾದರೆ ಮೊದಲು ಫೋನ್ ಮಾಡಿ ಕೇಳಿ. ಹಬ್ಬದ ದಿನ ಅಲ್ಲಿಗೂ ಸಿಹಿಯೇ ಹೋಗಿ ಬೀಳುತ್ತದೆ, ಹಬ್ಬ ಮುಗಿದ ಮಾರನೇ ವಾರ ಅಕ್ಕಿ ಬೇಳೆಗೆ ಕಾಯುತ್ತಿರುತ್ತಾರೆ.

ಬಾಗಿಲಿಗೆ ಬಂದ ಬಾಕ್ಸನ್ನು ಬೇಡ ಅನ್ನಬೇಡಿ. ಎರಡು ಕೈಯಲ್ಲಿ ತೆಗೆದುಕೊಂಡು ಒಳಗೆ ಕರೆಯಿರಿ. ಕಡಿಮೆ ಮಾಡಬೇಕು ಅಂದರೆ ಇದಕ್ಕೂ ಅದೇ ಉಪಾಯ, ಮೊದಲೇ ಮಾತಾಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ‘ಈ ಸಲ ಬಾಕ್ಸ್ ಬೇಡ, ಅವರವರ ಮನೆಯಲ್ಲಿ ಮಾಡಿದ್ದು ಒಂದು ತಟ್ಟೆ ಸಾಕು’ ಅಂತ ಹೇಳಿಕೊಂಡರೆ ಎಲ್ಲರಿಗೂ ಹಗುರ. ತಟ್ಟೆ ವಾಪಸ್ ಕೊಡುವಾಗ ಖಾಲಿ ಕೊಡಬಾರದು ಅನ್ನುವುದು ನಿಮಗೂ ಗೊತ್ತು. ಒಂದು ಚಮಚ ಸಕ್ಕರೆಯೋ, ಎರಡು ಬಾಳೆಹಣ್ಣೋ ಇಟ್ಟರೆ ಆಯಿತು.

ಅತ್ತೆಯ ಸಕ್ಕರೆ ಕಾಯಿಲೆಯನ್ನು ನೆಪ ಮಾಡಿ ಹೇಳುವುದಾದರೆ ಮೊದಲು ಅವರನ್ನು ಕೇಳಿ. ತಮ್ಮ ಕಾಯಿಲೆಯ ಮಾತು ಬೀದಿಯಲ್ಲೆಲ್ಲ ಆಗುವುದು ಹಿರಿಯರಿಗೆ ಹಿಡಿಸುವುದಿಲ್ಲ. ಹಾಗೆಯೇ ಶುಗರ್ ಫ್ರೀ ಅಂತ ಬರೆದ ಸ್ವೀಟನ್ನು ಅವರಿಗೆಂದು ಯಾರಾದರೂ ತಂದರೆ ಪೂರ್ತಿ ನಂಬಬೇಡಿ. ಸಕ್ಕರೆ ಹಾಕದಿದ್ದರೂ ಖೋವಾ, ಹಿಟ್ಟು, ಖರ್ಜೂರ ಇರುತ್ತದೆ, ಅದರಿಂದಲೂ ರಕ್ತದ ಸಕ್ಕರೆ ಏರುತ್ತದೆ. ತಂದವರ ಎದುರಿಗೆ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಅವರಿಗೂ ಸಮಾಧಾನ, ಅತ್ತೆಗೂ ಹಬ್ಬ.

ಇನ್ನು ಬೆಳ್ಳಿ ನಾಣ್ಯ. ಇಲ್ಲಿಯ ತನಕ ನಾನು ಹೇಳಿದ್ದು ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಅಕ್ಕನ ಸೀರೆಯಲ್ಲಿ ವಸ್ತು ಬೇಡ, ಸಂಬಂಧ ಬೇಕು. ಗುತ್ತಿಗೆದಾರರ ಡಬ್ಬಿಯಲ್ಲಿ ಬೇಡದೇ ಇರುವುದು ಆ ಸಂಬಂಧವೇ. ಹಾಗಾಗಿ ಅಲ್ಲಿ ಮನಸ್ಸು ನೋಯುತ್ತದಾ ಅಂತ ಯೋಚನೆ ಮಾಡುವ ಅಗತ್ಯ ಇಲ್ಲ. ಸರ್ಕಾರಿ ನೌಕರರು ತಮ್ಮ ಕಚೇರಿಯ ಕೆಲಸದಲ್ಲಿ ವ್ಯವಹಾರ ಇರುವವರಿಂದ ಉಡುಗೊರೆ ತೆಗೆದುಕೊಳ್ಳುವುದಕ್ಕೆ ನಡತೆ ನಿಯಮಗಳ ಕಟ್ಟು ಇದೆ. ಕರ್ನಾಟಕದ ನೌಕರರಿಗೆ ಈಗ ಇರುವುದು 2021ರ ನಿಯಮಗಳು. ಅದರ ಮೇಲೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ಹಬ್ಬದ ಹೆಸರಿನಲ್ಲಿ ಬಂತು, ಹೆಂಡತಿಯ ಕೈಗೆ ಬಂತು ಅಂದ ಮಾತ್ರಕ್ಕೆ ಅದು ಬೇರೆ ಆಗುವುದಿಲ್ಲ. ಹೋದ ವರ್ಷದ ನಾಣ್ಯ ಇನ್ನೂ ಮನೆಯಲ್ಲಿದ್ದರೆ ನಿಮ್ಮ ಯಜಮಾನರು ಇವತ್ತೇ ಮೇಲಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ ಅದನ್ನು ಹಿಂದಿರುಗಿಸಲಿ. ಹಿಂದಿರುಗಿಸಿದ್ದಕ್ಕೆ ಸಹಿ ತೆಗೆದುಕೊಳ್ಳಲಿ.

ಈ ಸಲ ಡಬ್ಬಿ ತಂದ ಹುಡುಗ ಬಾಗಿಲಿಗೆ ಬಂದಾಗ ಮನೆಯಲ್ಲಿರುವವರು ನೀವೋ ಅತ್ತೆಯೋ ಆಗಿರುತ್ತೀರಿ. ‘ಯಜಮಾನರು ಇಂಥದ್ದು ತೆಗೆದುಕೊಳ್ಳೋದಿಲ್ಲ ಕಣಪ್ಪ. ನಿಮ್ಮ ಸಾಹೇಬರಿಗೆ ಹಬ್ಬದ ಶುಭಾಶಯ ಹೇಳು. ಬಿಸಿಲಲ್ಲಿ ಬಂದಿದೀಯ, ನೀರು ಕುಡಿದು ಹೋಗು.’ ಡಬ್ಬಿ ಹೊಸ್ತಿಲು ದಾಟಬಾರದು, ಹುಡುಗನಿಗೆ ಅವಮಾನವೂ ಆಗಬಾರದು. ಅತ್ತೆಗೂ ಈ ಮಾತು ಮೊದಲೇ ಹೇಳಿಕೊಟ್ಟಿರಿ. ‘ಪಾಪ, ಹಬ್ಬದ ದಿನ ವಾಪಸ್ ಕಳಿಸೋದು ಹೇಗೆ’ ಅಂತ ಅವರು ಒಳಗೆ ಇಟ್ಟುಕೊಂಡುಬಿಡುತ್ತಾರೆ.

ಮತ್ತೆ ಅಕ್ಕನ ಮಾತಿಗೇ ಬರುತ್ತೇನೆ. ನೀವು ಅವರಿಂದ ಏನು ಬಂತು ಅಂತ ಬರೆದಿದ್ದೀರಿ. ನೀವು ಅವರಿಗೆ ದೀಪಾವಳಿಗೆ ಏನು ಕೊಡುತ್ತೀರಿ ಅಂತ ಬರೆದಿಲ್ಲ. ಗೌರಿ ಹಬ್ಬದ ಬಾಗಿನವನ್ನು ಗಂಡ ತೆಗೆದುಕೊಂಡು ಹೋದರು. ಮೊರ ಕಟ್ಟಿದವರು ಯಾರು? ಬಳೆ ಅವರ ಅಳತೆಗೆ ಸರಿಯಾಗಿ ಇತ್ತಾ? ನಾನು ತಪ್ಪು ಹುಡುಕುತ್ತಿಲ್ಲ. ಶಾಲೆ, ಮನೆ, ಅತ್ತೆಯ ಔಷಧಿ ಎಲ್ಲದರ ನಡುವೆ ಅಂಗಡಿಯಿಂದ ಸಿದ್ಧ ಬಾಗಿನ ತಂದಿದ್ದರೂ ಅದು ಸಹಜವೇ. ಆದರೆ ಈ ಸಲ ತಿಪಟೂರಿಗೆ ಹೋಗುವಾಗ ನೀವೇ ಹೋಗಿ ಕರೆಯಿರಿ. ಗಂಡನ ಫೋನಿನಿಂದ ಅಲ್ಲ, ಅರಿಶಿನ ಕುಂಕುಮ ಹಿಡಿದು. ‘ಹಬ್ಬಕ್ಕೆ ಒಂದು ದಿನ ಮೊದಲೇ ಬನ್ನಿ ಅಕ್ಕಾ, ನೀರು ತುಂಬೋ ಹೊತ್ತಿಗೆ ನೀವಿರಬೇಕು’ ಅನ್ನಿ. ಮಾವ ಇದ್ದಾಗ ಆ ಮನೆಯಲ್ಲಿ ಹಬ್ಬ ಹೇಗೆ ನಡೆಯುತ್ತಿತ್ತು ಅಂತ ನಿಮಗಿಂತ ಜಾಸ್ತಿ ವರ್ಷ ನೋಡಿದವರು ಅವರು. ಯಾವ ಅಡುಗೆ ಬಿಟ್ಟುಹೋಗಿದೆ, ದೀಪ ಎಲ್ಲೆಲ್ಲಿ ಇಡುತ್ತಿದ್ದರು ಅಂತ ಕೇಳಿ.

ಅವರು ಮತ್ತೆ ಕಲ್ಲಿನ ಕೆಲಸದ ಸೀರೆಯನ್ನೇ ತಂದರೆ? ತರಬಹುದು. ಹಳೆಯ ಅಭ್ಯಾಸ ಒಂದು ಮಾತಿಗೆ ಹೋಗುವುದಿಲ್ಲ. ಆಗ ಕವರಿನ ಪಿನ್ನನ್ನು ಅವರ ಎದುರಿಗೇ ಬಿಚ್ಚಿ. ಸೆರಗು ಹೆಗಲ ಮೇಲೆ ಹಾಕಿಕೊಂಡು ಅತ್ತೆಗೂ ತೋರಿಸಿ.